ಜಾಸ್ ವಿದ್ವಾಂಸರ ವಾಙ್ಮೂಲಗಳೂ ನಾಗಸ್ವರವೂ

ರಾಜವಂಶಗಳ ಚರಿತ್ರೆಯನ್ನು ಬರೆಯುವವರಿಗೆ ಶಿಲಾಶಾಸನಗಳೂ ತಾಮ್ರಪಟಗಳೂ ಮುಖ್ಯಾಧಾರಗಳಾಗಿರುವುವು. ಸಂಗೀತದ ಚರಿತ್ರೆಗೆ ಅಂತಹ ಆಧಾರಗಳು ಬಹು ವಿರಳ. ಅದರಲ್ಲಿಯೂ, ಬರೆದಿಟ್ಟ ಸ್ವರಲಿಪಿಗಿಂತ ವಾದಕನ ಮನೋಧರ್ಮವನ್ನೇ ಹೆಚ್ಚಾಗಿ ಆಶ್ರಯಿಸಿರುವ ಅಮೆರಿಕಾ ದೇಶದ ಜಾಸ್ ಸಂಗೀತದ ವಿಷಯದಲ್ಲಿ, ಅದನ್ನು ನುಡಿಸಿದ ಹಿರಿಯರು ತಮ್ಮ ಬಾಳನ್ನೂ ಕಲೆಯನ್ನೂ ಕುರಿತು ಹೇಳಿದ ವಾಙ್ಮೂಲಗಳೇ ಚರಿತ್ರಕಾರನಿಗೆ ಪ್ರಧಾನಸಾಮಗ್ರಿ. ಇವುಗಳ ಪ್ರಾಮಾಣ್ಯವೆಷ್ಟು, ಕರ್ಣಾಟಕದ ಸಂಗೀತಚರಿತ್ರೆಗೆ ಇವುಗಳಿಂದಾಗುವ ಪ್ರಯೋಜನವೇನು ಎಂಬುದು ವಿಚಾರಾರ್ಹವಾಗಿದೆ.

1938ನೆಯ ಇಸವಿ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನ ಕಾಂಗ್ರೆಸ್ ಗ್ರಂಥಾಲಯದಲ್ಲಿ ಆಲನ್ ಲೋಮಾಕ್ಸ್ ಎಂಬ ಜಾನಪದ ಸಂಗ್ರಾಹಕರು ನ್ಯೂ ಆರ್ಲಿಯನ್ಸಿನ ಜೆಲ್ಲಿ ರೋಲ್ ಮಾರ್ಟನ್ನರನ್ನು ಪಿಯಾನೊ ವಾದ್ಯದ ಮುಂದೆ ಕುಳ್ಳಿರಿಸಿ, ಅವರ ಮಾತನ್ನೂ ವಾದನವನ್ನೂ ಒಟ್ಟಿಗೆ ತಟ್ಟೆಗಳಲ್ಲಿ ಮುದ್ರಿಸಿಕೊಂಡರು. ಜಾಸ್ ಸಂಗೀತವನ್ನು 1902ರಲ್ಲಿ ತಾವೇ ಸೃಷ್ಟಿಸಿದುದಾಗಿ ಮಾರ್ಟನ್ನರು ಅದೇ ವರ್ಷ ಪತ್ರಿಕೆಯೊಂದಕ್ಕೆ ಬರೆದರು. ಅವರು ಹುಟ್ಟಿದುದು 1885ರಲ್ಲಿ ಎಂಬ ನಂಬಿಕೆ ಬಹುಕಾಲ ನಡೆದುಬಂದಿತ್ತು. ಅನಂತರ ದೊರೆತ ದೀಕ್ಷಾಸ್ನಾನದ ದಾಖಲೆಯಲ್ಲಿಯಾದರೋ 1890 ಎಂದಿರುವುದು. ಅದರಂತೆ ಎಣಿಸಿದರೆ 1902ರಲ್ಲಿ ಅವರು 12 ವರ್ಷದ ಬಾಲಕರು. ಹಾಗೆಂದು ವಾಙ್ಮೂಲವೆಲ್ಲವನ್ನೂ ತಿರಸ್ಕರಿಸುವುದು ಯುಕ್ತವಲ್ಲ. ಕ್ವಾಡ್ರಿಲ್ ಎಂಬ ಹಳೆಯ ನೃತ್ಯದ ಮಟ್ಟು ಜಾಸ್ ಆಗಿ ಮಾರ್ಪಡುವ ಬಗೆಯನ್ನು ಅವರು ನುಡಿಸಿ ತೋರಿಸಿರುವುದು ಯಾವ ಲಿಖಿತ ದಾಖಲೆಯಿಂದಲೂ ದೊರೆಯುವಂತಹುದಲ್ಲ. ಕಾಲನಿರ್ಣಯಕ್ಕೆ ಈ ವಾಙ್ಮೂಲವು ದುರ್ಬಲ; ವಾದನಕ್ರಮದ ವಿಷಯದಲ್ಲಿ ಪ್ರಬಲ. ಈ ವಿವೇಕದಿಂದಲೇ 1958ರಲ್ಲಿ ಟ್ಯುಲೇನ್ ವಿಶ್ವವಿದ್ಯಾನಿಲಯದಲ್ಲಿಯೂ, 1992ರಿಂದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿಯೂ ಹಿರಿಯ ವಾದಕರ ಮಾತುಗಳನ್ನು ಸಂಗ್ರಹಿಸುವ ಕಾರ್ಯವು ಕ್ರಮವಾಗಿ ಆರಂಭವಾಯಿತು.

ಇದೇ ನ್ಯಾಯವನ್ನು ಕರ್ಣಾಟಕಕ್ಕೆ ಸಂಬಂಧಿಸಿದ ಎರಡು ವಾಙ್ಮೂಲಗಳಿಗೆ ಅನ್ವಯಿಸಬಹುದು. ಮೊದಲನೆಯದು ಕದ್ರಿ ಗೋಪಾಲನಾಥರದು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗನಾಗಿ ಹುಟ್ಟಿದ ಅವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕಂಡು ಅದಕ್ಕೆ ಮನಸೋತುದಾಗಿ ಹೇಳಿಕೊಂಡಿದ್ದಾರೆ. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ, ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಅವರು ಶಿಕ್ಷಣ ಪಡೆದರು. 1980ರಲ್ಲಿ ಮುಂಬಯಿಯ ಜಾಸ್ ಉತ್ಸವದಲ್ಲಿ ಅವರ ವಾದನವನ್ನು ಕೇಳಿದ ಅಮೆರಿಕಾದ ಜಾನ್ ಹ್ಯಾಂಡಿಯವರು ತಾವೂ ಜೊತೆಗೂಡಿ ನುಡಿಸಬೇಕೆಂದು ಅಪೇಕ್ಷಿಸಿದರೆಂಬುದು ಪ್ರಸಿದ್ಧವಾದ ವೃತ್ತಾಂತ. ಕೇಳುವವರಿಗೆ ಇದು ಅತಿಶಯೋಕ್ತಿಯಾಗಿ ತೋರಬಹುದು. ಆದರೆ ಹ್ಯಾಂಡಿಯವರು 1975ರಲ್ಲಿಯೇ ಸರೋದ್ ವಾದಕ ಅಲಿ ಅಕ್ಬರ್ ಖಾನರೊಡನೆ ಧ್ವನಿಮುದ್ರಿಕೆಯನ್ನು ಮಾಡಿದ್ದರು. ರಾಗದ ರುಚಿಯನ್ನು ಮೊದಲೇ ಅರಿತಿದ್ದವರಿಗೆ ಅಂತಹ ಅಪೇಕ್ಷೆ ಹುಟ್ಟಿದುದು ಸಹಜವೇ ಆಗಿದೆ.

ಎರಡನೆಯದು 1923ರಲ್ಲಿ ಬಾಸ್ಟನ್ ನಗರದಲ್ಲಿ ಜನಿಸಿ, ಚಾರ್ಲ್ಸ್ ಮಿಂಗಸ್ ಮೊದಲಾದವರೊಡನೆ ನುಡಿಸಿದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಅವರದು. 1960ರ ದಶಕದಲ್ಲಿ ಮಲೇಷಿಯಾದ ರೇಡಿಯೋ ವಾದ್ಯವೃಂದದೊಡನೆ ಕೆಲಸ ಮಾಡುತ್ತಿದ್ದಾಗ ಅವರು ನಾಗಸ್ವರವನ್ನು ಕೇಳಿ ಬೆರಗಾದರು. ಅನಂತರ ದಕ್ಷಿಣಭಾರತಕ್ಕೆ ಬಂದು ಅದನ್ನು ಕಲಿತರು. 1970ರ ದಶಕದ ಅವರ ಧ್ವನಿಮುದ್ರಿಕೆಗಳಲ್ಲಿ ಆ ವಾದ್ಯವು ಕೇಳಿಬರುವುದರಿಂದ ಈ ಮಾತು ಸಮರ್ಥಿತವಾಗುವುದು. 1964ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಮೃದಂಗ ವಿದ್ವಾಂಸ ಟಿ. ಎ. ಎಸ್. ಮಣಿ, ಗಾಯಕಿ ಆರ್. ಎ. ರಮಾಮಣಿ ಮೊದಲಾದವರೊಡನೆ ಅವರು 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯನ್ನು ಮಾಡಿದರು. ಅದರಲ್ಲಿ ಅವರು ನುಡಿಸಿರುವುದು ಸ್ಯಾಕ್ಸೋಫೋನ್ ಮತ್ತು ಫ್ಲೂಟ್. ಅದೊಂದನ್ನೇ ನೋಡಿದವನಿಗೆ ನಾಗಸ್ವರದ ಸುಳಿವು ಸಿಕ್ಕದು.

ಈ ಎರಡು ವಾಙ್ಮೂಲಗಳನ್ನು ಹೋಲಿಸಿದಾಗ ಒಂದು ವಿಶೇಷವು ಗೋಚರವಾಗುವುದು. ಒಬ್ಬರು ನಾಗಸ್ವರದ ಮನೆಯಿಂದ ಹೊರಟು ಸ್ಯಾಕ್ಸೋಫೋನನ್ನು ಸೇರಿದರು. ಮತ್ತೊಬ್ಬರು ಸ್ಯಾಕ್ಸೋಫೋನಿನಿಂದ ಹೊರಟು ನಾಗಸ್ವರವನ್ನು ಸೇರಿದರು. ಇಬ್ಬರ ಮಾತೂ ಬೇರೆ ಬೇರೆ ಖಂಡಗಳಿಂದ ಬಂದುದು. ಒಂದು ಇನ್ನೊಂದನ್ನು ಅನುಸರಿಸಿದುದಲ್ಲ. ವಾದ್ಯಗಳ ರಚನೆಯೂ ಇದಕ್ಕೆ ಅನುಕೂಲವಾಗಿದೆ. 1846ರಲ್ಲಿ ಅಡಾಲ್ಫ್ ಸ್ಯಾಕ್ಸ್ ಎಂಬವರು ಹಕ್ಕುಪತ್ರ ಪಡೆದ ಆ ವಾದ್ಯವೂ ನಮ್ಮ ನಾಡಿನ ನಾಗಸ್ವರವೂ ತುದಿಯೆಡೆಗೆ ಅಗಲವಾಗುತ್ತ ಹೋಗುವ ಕೊಳವೆಗಳು. ಎರಡಕ್ಕೂ ನಾದವನ್ನು ಕೊಡುವುದು ತುಟಿಗಳ ನಡುವೆ ಕಂಪಿಸುವ ಎಲೆ. ನಾಗಸ್ವರದ ರಂಧ್ರವನ್ನು ಬೆರಳಿನಿಂದ ಅರ್ಧ ಮುಚ್ಚಬಹುದು. ಸ್ಯಾಕ್ಸೋಫೋನಿನ ರಂಧ್ರಗಳನ್ನು ಮುಚ್ಚುವುದು ಲೋಹದ ಕೀಲಿಗಳಾದುದರಿಂದ, ಗಮಕದ ಭಾರವು ಬಹುಮಟ್ಟಿಗೆ ತುಟಿ ಮತ್ತು ಉಸಿರಿನ ಮೇಲೆ ಬೀಳುವುದು. ದಕ್ಷಿಣ ಕನ್ನಡದಲ್ಲಿ ಮದುವೆಗಳಲ್ಲಿಯೂ ದೇವಸ್ಥಾನದ ಉತ್ಸವಗಳಲ್ಲಿಯೂ ಸ್ಯಾಕ್ಸೋಫೋನು ಮಂಗಳವಾದ್ಯವಾಗಿ ನಡೆಯುತ್ತಿರುವುದನ್ನು ಇದರೊಡನೆ ಸೇರಿಸಿ ನೋಡತಕ್ಕದ್ದು. ಆದಕಾರಣ ಕರ್ಣಾಟಕದಲ್ಲಿ ಸ್ಯಾಕ್ಸೋಫೋನಿನ ಚರಿತ್ರೆಯನ್ನು ಜಾಸ್ ಸಂಗೀತದ ಶಾಖೆಯೆಂದು ಭಾವಿಸುವುದಕ್ಕಿಂತ ವಾಲಗದ ಪರಂಪರೆಯ ಮುಂದುವರಿಕೆಯೆಂದು ಭಾವಿಸುವುದೇ ಹೆಚ್ಚು ಸಮಂಜಸ.

ಮರಿಯಾನೊ 2009ರಲ್ಲಿಯೂ, ಗೋಪಾಲನಾಥರು 2019ರ ಅಕ್ಟೋಬರಿನಲ್ಲಿಯೂ ಕಾಲಾಧೀನರಾದರು. ದಕ್ಷಿಣ ಬೆಂಗಳೂರಿನಲ್ಲಿ, ತಿಲಕ್ ನಗರ ಜಯನಗರಗಳಿಗೆ ಇನ್ನೂ ದಕ್ಷಿಣಕ್ಕಿರುವ ಜೆ. ಪಿ. ನಗರದಲ್ಲಿ, ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಎಂಬ ಸಂಗೀತ ವಸ್ತುಸಂಗ್ರಹಾಲಯವು ತೆರೆದುದು ಅದೇ 2019ರಲ್ಲಿ. ವಾದ್ಯವನ್ನು ಗಾಜಿನ ಪೆಟ್ಟಿಗೆಯಲ್ಲಿ ನೂರು ವರ್ಷ ಕಾಪಾಡಬಹುದು. ಅದನ್ನು ನುಡಿಸಿದವರ ಮಾತನ್ನು ಅವರು ಬದುಕಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಪ್ರಸಿದ್ಧರ ಮಾತು ಪತ್ರಿಕೆಗಳಲ್ಲಾದರೂ ಉಳಿಯುವುದು. ವಾಲಗದ ಮನೆತನಗಳ ಹಿರಿಯರ, ಡೋಲು ತಾಳಗಳ ಸಹವಾದಕರ ನೆನಪುಗಳಿಗೆ ಆ ಆಶ್ರಯವೂ ಇಲ್ಲ. ಮೇಲೆ ಹೇಳಿದ ಸಿದ್ಧಾಂತವನ್ನು ಸ್ಥಿರಪಡಿಸುವುದಕ್ಕಾಗಲಿ ಖಂಡಿಸುವುದಕ್ಕಾಗಲಿ ಬೇಕಾದ ಸಾಕ್ಷ್ಯವು ಅವರಲ್ಲಿಯೇ ಇರುವುದು.