ಕೊಲೊಸ್ಟ್ರಮ್

ಕೊಲೊಸ್ಟ್ರಮ್ ಎಂಬುದು ಹೆರಿಗೆಯ ನಂತರದ ಮೊದಲ ಕೆಲವು ದಿನ ತಾಯಿಯ ಸ್ತನಗಳಲ್ಲಿ ಸ್ರವಿಸುವ, ಸಾಮಾನ್ಯವಾಗಿ ಹಳದಿ ಬಣ್ಣದ ದಪ್ಪನೆಯ ಹಾಲು. ಇದರಲ್ಲಿ ಸೋಂಕಿನಿಂದ ರಕ್ಷಿಸುವ ಪ್ರತಿಕಾಯಗಳು ಹೇರಳವಾಗಿವೆ. ಇದರ ಪ್ರಮಾಣ ಅಲ್ಪವಾದ್ದರಿಂದ ಹಾಲು ಸಾಲದೆಂಬ ಆತಂಕ ಬಾಣಂತಿಯರಲ್ಲಿ ಸಾಮಾನ್ಯ. ಆದರೆ ನವಜಾತ ಶಿಶುವಿನ ಜಠರವೂ ಚಿಕ್ಕದಾಗಿರುವುದರಿಂದ ಆರೋಗ್ಯವಂತ ಶಿಶುವಿಗೆ ಸಾಮಾನ್ಯವಾಗಿ ಇಷ್ಟು ಸಾಕಾಗುತ್ತದೆ. ಬಹುತೇಕ ತಾಯಂದಿರಲ್ಲಿ 2ರಿಂದ 5ನೆಯ ದಿನದೊಳಗೆ ಹಾಲು ಹೆಚ್ಚುತ್ತದೆ.

ಶಿಶು ಚೀಪಿದಾಗ ಪ್ರೊಲ್ಯಾಕ್ಟಿನ್ ಹಾರ್ಮೋನು ಹಾಲಿನ ಉತ್ಪತ್ತಿಯನ್ನೂ ಆಕ್ಸಿಟೋಸಿನ್ ಅದರ ಹರಿವನ್ನೂ ಪ್ರಚೋದಿಸುತ್ತವೆ. ಆದ್ದರಿಂದ ದಿನಕ್ಕೆ 8ರಿಂದ 12 ಬಾರಿ ಹಾಲೂಡಿಸಬೇಕು. ಸಕ್ಕರೆ ನೀರು, ಜೇನುತುಪ್ಪ ನೀಡಿದರೆ ಚೀಪುವಿಕೆ ಕುಗ್ಗಿ ಉತ್ಪತ್ತಿಯೂ ತಗ್ಗಬಹುದು.

5ನೆಯ ದಿನದಿಂದ ದಿನಕ್ಕೆ ಕನಿಷ್ಠ 6 ಬಾರಿ ಮೂತ್ರ ವಿಸರ್ಜನೆ ಹಾಗೂ ತೂಕದ ಏರಿಕೆ ಹಾಲು ಸಾಕಾಗುತ್ತಿರುವುದರ ಲಕ್ಷಣಗಳು. ಜನನದ ತೂಕದಲ್ಲಿ ಶೇ. 10ಕ್ಕಿಂತ ಹೆಚ್ಚು ಇಳಿದರೆ ಅಥವಾ ಶಿಶು ಮಂಕಾಗಿ ಹಾಲು ಕುಡಿಯದಿದ್ದರೆ ಕೂಡಲೇ ವೈದ್ಯಕೀಯ ತಪಾಸಣೆ ಅಗತ್ಯ.