ಜೇನುಪೆಟ್ಟಿಗೆ ಹಂಚಿದರೆ ಸಾಕಾ? ಭಾಗಮಂಡಲದಿಂದ ಕೀನ್ಯಾವರೆಗೆ ಒಂದು ಜೀವನೋಪಾಯದ ಕತೆ

ಭಾಗಮಂಡಲ ಅಂದ ಕೂಡಲೇ ತ್ರಿವೇಣಿ ಸಂಗಮ, ಭಗಂಡೇಶ್ವರ ದೇವಸ್ಥಾನ, ಮಳೆಗಾಲದ ಪ್ರವಾಹ ನೆನಪಾಗುತ್ತವೆ. ಈ ಊರಿಗೆ ಇನ್ನೊಂದು ಗುರುತೂ ಇದೆ: ಜೇನು. ತೋಟಗಾರಿಕೆ ಇಲಾಖೆಯ ಜೇನು ಸಾಕಣೆ ತರಬೇತಿ ಕೇಂದ್ರ ಇರೋದು ಇಲ್ಲೇ.

ಜೇನು ಸಾಕೋಕೆ ಜಮೀನು ಬೇಡ. ಹುಳಗಳು ಯಾರದೋ ಕಾಫಿ ತೋಟದಿಂದ, ಕಾಡಿನ ನೇರಳೆ ಮರದಿಂದ ಮಕರಂದ ತರುತ್ತವೆ, ತುಪ್ಪ ಸಾಕಿದವರಿಗೆ. ಬಡವರ ಆದಾಯ ಹೆಚ್ಚಿಸುವ ಯೋಜನೆಗಳಿಗೆ ಇಲ್ಲೂ ಆಫ್ರಿಕಾದಲ್ಲೂ ಜೇನು ಅಚ್ಚುಮೆಚ್ಚಾಗಿರೋದು ಇದಕ್ಕೇ. 1970ರ ದಶಕದಲ್ಲಿ ಕೆನಡಾದ ನೆರವಿನಿಂದ ಕೀನ್ಯಾದಲ್ಲಿ ಒಂದು ಸರಳ ಪೆಟ್ಟಿಗೆ ರೂಪುಗೊಂಡಿತು. ಅಲ್ಲಿಯವರೆಗೆ ಮರದ ಮೇಲೆ ಪೊಳ್ಳು ದಿಮ್ಮಿ ನೇತುಹಾಕಿ ಜೇನು ಹಿಡಿಯುತ್ತಿದ್ದರು. ಹೊಸ ಪೆಟ್ಟಿಗೆಯನ್ನು ಊರಿನ ಬಡಗಿಯೇ ಮಾಡಬಹುದಿತ್ತು, ಮರ ಹತ್ತದ ಹೆಂಗಸರೂ ನೋಡಿಕೊಳ್ಳಬಹುದಿತ್ತು.

ಕೊಡಗು ಇದಕ್ಕೂ ಮೊದಲೇ ಈ ದಾರಿ ಹಿಡಿದಿತ್ತು. ವಿರಾಜಪೇಟೆಯಲ್ಲಿ 1936ರಲ್ಲೇ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಶುರುವಾಯಿತು. ನಾಲ್ಕು ಪೆಟ್ಟಿಗೆ ಇಟ್ಟುಕೊಂಡ ಸಣ್ಣ ಸಾಕಣೆದಾರ ಒಬ್ಬನೇ ವ್ಯಾಪಾರಿಯ ಮುಂದೆ ನಿಂತು ಚೌಕಾಸಿ ಮಾಡೋದು ಕಷ್ಟ. ಸಂಘ ಇದ್ದರೆ ಆ ಮಾತೇ ಬೇರೆ.

ಆಮೇಲೆ ಬಂತು 1991–92. ಥಾಯ್ ಸ್ಯಾಕ್ ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿತು. ಮರಿಹುಳು ಕೋಶದಲ್ಲೇ ಸತ್ತು, ನೀರು ತುಂಬಿದ ಚೀಲದಂತಾಗುತ್ತದೆ. ಔಷಧಿ ಇಲ್ಲ. ಬಹುಪಾಲು ಜೇನು ಕುಟುಂಬಗಳು ನಾಶವಾದವು, ಪೆಟ್ಟಿಗೆಗಳು ಖಾಲಿಯಾದವು. ರೋಗ ತಾಳಿಕೊಂಡು ಉಳಿದ ಕುಟುಂಬಗಳನ್ನೇ ಗುರುತಿಸಿ, ಅವುಗಳಿಂದ ಸಂತತಿ ಬೆಳೆಸೋದೊಂದೇ ದಾರಿ. ಅದಕ್ಕೆ ವರ್ಷಗಟ್ಟಲೆ ತಾಳ್ಮೆ ಬೇಕು, ಪೆಟ್ಟಿಗೆ ತೆರೆದು ನೋಡಬಲ್ಲ ಸಿಬ್ಬಂದಿ ಬೇಕು. ಹಂಚಿಕೆ ಕಾರ್ಯಕ್ರಮದ ಫೋಟೋದಲ್ಲಿ ಇದ್ಯಾವುದೂ ಕಾಣಲ್ಲ ಬಿಡಿ.

ರೋಗ ಬರದ ವರ್ಷವೂ ಸುಲಭವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲದ ಮಳೆಯಲ್ಲಿ ಹುಳ ಹೊರಗೆ ಹಾರಲಾರದು. ಸಕ್ಕರೆ ಪಾಕ ಕೊಡದಿದ್ದರೆ ಹಸಿವಿನಿಂದ ಸಾಯುತ್ತವೆ, ಇಲ್ಲವೇ ಗೂಡು ಬಿಟ್ಟು ಹೋಗುತ್ತವೆ. ಆ ಸಕ್ಕರೆ ದುಡ್ಡು ಯಾರದ್ದು? ಇನ್ನು ಜಮೀನು ಬೇಡ ಅನ್ನೋ ಮಾತೂ ಅರ್ಧ ಸತ್ಯ. ಲೈನ್‌ಮನೆಯಲ್ಲಿರುವ ಕಾರ್ಮಿಕ ಪೆಟ್ಟಿಗೆ ಇಡಬೇಕಾದರೆ ತೋಟದ ಮಾಲೀಕರ ಒಪ್ಪಿಗೆ ಬೇಕೇ ಬೇಕು. ತೋಟಕ್ಕೆ ಕೀಟನಾಶಕ ಯಾವಾಗ ಸಿಂಪಡಿಸಬೇಕು ಅನ್ನೋದೂ ಆತನ ಕೈಲಿಲ್ಲ.

ಈಗ ಆಫ್ರಿಕಾದ ಇನ್ನೊಂದು ಪ್ರಯೋಗ ಕೊಡಗಿಗೆ ಬಂದಿದೆ. ಕೀನ್ಯಾದ ತ್ಸಾವೊ ಬಳಿ ಸಂಶೋಧಕಿ ಲೂಸಿ ಕಿಂಗ್ ರೈತರ ಜೊತೆ ಜೇನು ಬೇಲಿ ಕಟ್ಟಿದರು. ಕಂಬಗಳ ನಡುವೆ ತಂತಿಯಲ್ಲಿ ಗೂಡುಗಳನ್ನು ತೂಗುಹಾಕುತ್ತಾರೆ. ಆನೆ ತಂತಿ ತಾಗಿಸಿದರೆ ಎಲ್ಲ ಗೂಡೂ ಅಲುಗಾಡಿ ಹುಳ ಏಳುತ್ತವೆ. ಬೆಳೆಯೂ ಉಳಿಯುತ್ತೆ, ರೈತರಿಗೆ ತುಪ್ಪವೂ ಸಿಗುತ್ತೆ. ಇದೇ ನಮೂನೆಯ ‘ರಿ-ಹ್ಯಾಬ್’ ಯೋಜನೆಯನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರ ಮಾರ್ಚ್‌ನಲ್ಲಿ ನಾಗರಹೊಳೆ ಅಂಚಿನಲ್ಲಿ ಆರಂಭಿಸಿತು. ಆದ್ರೆ ಒಂದು ವ್ಯತ್ಯಾಸ ಗಮನಿಸಿ: ಆಫ್ರಿಕಾದ ಜೇನು ಮಹಾ ಮುಂಗೋಪಿ, ನಮ್ಮ ತುಡುವೆ ಅಷ್ಟು ಜಗಳಗಂಟಿಯಲ್ಲ. ತ್ಸಾವೊದಲ್ಲಿ ಬರ ಬಂದಾಗ ಹುಳಗಳು ಗೂಡು ತೊರೆದವು. ನಮ್ಮಲ್ಲಿ ಆ ಅಪಾಯ ಮಳೆಗಾಲದ್ದು.

ನಿಮ್ಮ ಪಂಚಾಯಿತಿಯಲ್ಲಿ ಪೆಟ್ಟಿಗೆ ಹಂಚಿದ್ದರೆ ಗ್ರಾಮಸಭೆಯಲ್ಲಿ ಕೇಳಿ, ಉತ್ತರ ಸಿಗದಿದ್ದರೆ ಆರ್‌ಟಿಐ ಹಾಕಿ. ಎಷ್ಟು ಪೆಟ್ಟಿಗೆ ಕೊಟ್ಟಿರಿ ಅನ್ನೋದು ಮೊದಲ ಪ್ರಶ್ನೆ. ಅಕ್ಟೋಬರ್‌ನಲ್ಲಿ ಅವುಗಳ ಪೈಕಿ ಎಷ್ಟರಲ್ಲಿ ಹುಳ ಉಳಿದಿತ್ತು ಅನ್ನೋದು ಎರಡನೆಯದು.