ತಾಯಿ ಪಾತ್ರ ಇಳಿಗಾಲವೇ? ಪಂಢರಿಬಾಯಿ, ಎಂ.ವಿ. ರಾಜಮ್ಮ ಅವರ ವೃತ್ತಿಜೀವನದ ಉತ್ತರಾರ್ಧ: ಒಂದು ಮರುಪರಿಶೀಲನೆ

ಕನ್ನಡ ಚಲನಚಿತ್ರ ಚರಿತ್ರೆಯ ಬರವಣಿಗೆಯಲ್ಲಿ ಹಳೆಯ ನಾಯಕಿಯರ ಉತ್ತರಾರ್ಧಕ್ಕೆ ಸಿಗುವುದು ಹೆಚ್ಚೆಂದರೆ ಒಂದೆರಡು ವಾಕ್ಯ. ವಯಸ್ಸಾಯಿತು, ಅವಕಾಶ ತಗ್ಗಿತು, ತಾಯಿ ಪಾತ್ರಗಳಿಗೆ ಇಳಿದರು ಎಂಬಲ್ಲಿಗೆ ಅವರ ಕಥೆ ಮುಗಿಯುತ್ತದೆ. ಈ ನಿರೂಪಣೆಯ ಹಿಂದೆ ಎರಡು ಊಹೆಗಳಿವೆ. ನಾಯಕಿ ತಾಯಿಯಾಗುವುದು ವಯಸ್ಸಿನ ಫಲ ಎಂಬುದು ಒಂದು. ಅದು ವೃತ್ತಿಯ ಇಳಿಗಾಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಚಿತ್ರಗಳಲ್ಲೇ ಆಧಾರ ಸಿಗುವುದಿಲ್ಲ. ಎರಡನೆಯದನ್ನು ಗಣನೀಯವಾಗಿ ತಿದ್ದಬೇಕಾಗುತ್ತದೆ ಎಂಬುದು ಈ ಲೇಖನದ ವಾದ.

ಹಿನ್ನೆಲೆಯ ಬಗ್ಗೆ ಹೆಚ್ಚಿನ ತಕರಾರಿಲ್ಲ. 1934ರ ‘ಸತಿ ಸುಲೋಚನ’ದಿಂದ ಶುರುವಾದ ಕನ್ನಡ ವಾಕ್ಚಿತ್ರ ದಶಕಗಳ ಕಾಲ ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳನ್ನೇ ನೆಚ್ಚಿಕೊಂಡಿತ್ತು. ನಾಟಕ ಕಂಪನಿಗಳಲ್ಲಿ ಪಳಗಿದ ಕಲಾವಿದರು ಅದಕ್ಕೆ ಆಧಾರವಾದರು. ಒಬ್ಬರೇ ಕನ್ನಡ, ತಮಿಳು, ತೆಲುಗು ಚಿತ್ರಗಳಲ್ಲಿ ದುಡಿಯುವುದು ಅಲ್ಲಿ ವಾಡಿಕೆಯಾಗಿತ್ತು. ರಾಜಮ್ಮನವರು 1936ರ ‘ಸಂಸಾರ ನೌಕ’ದ ನಾಯಕಿ, 1943ರಲ್ಲಿ ‘ರಾಧಾರಮಣ’ವನ್ನು ನಿರ್ಮಿಸಿದವರು. ಪಂಢರಿಬಾಯಿಯವರು 1952ರಲ್ಲಿ ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ ‘ಪರಾಶಕ್ತಿ’ಗೂ, 1954ರಲ್ಲಿ ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ಕ್ಕೂ ನಾಯಕಿ. ಇಷ್ಟು ಎಲ್ಲರೂ ಒಪ್ಪುವ ಸಂಗತಿ.

ವಿವಾದ ಇರುವುದು ಮುಂದಿನ ಹಂತದಲ್ಲಿ. 1964ರ ತಮಿಳು ಚಿತ್ರ ‘ದೈವತ್ತಾಯ್’ನಲ್ಲಿ ಎಂ.ಜಿ. ರಾಮಚಂದ್ರನ್ ಅವರ ತಾಯಿಯಾಗಿ ನಟಿಸಿದಾಗ ಪಂಢರಿಬಾಯಿಯವರಿಗೆ ಮೂವತ್ತೈದರ ಆಚೀಚೆ ವಯಸ್ಸು. 1917ರಲ್ಲಿ ಹುಟ್ಟಿದ ‘ಮಗ’ನಿಗೆ ಆಗಲೇ ನಲವತ್ತೇಳು. 1968ರ ‘ಕುಡಿಯಿರುಂದ ಕೋಯಿಲ್’ನಲ್ಲೂ ಈ ಸಂಬಂಧ ಮರುಕಳಿಸಿತು. ಮಗನಿಗಿಂತ ತಾಯಿ ಹತ್ತು ವರ್ಷಕ್ಕೂ ಹೆಚ್ಚು ಚಿಕ್ಕವರಾಗಿರುವಾಗ ಆ ಪಾತ್ರವನ್ನು ವಯಸ್ಸು ಹಂಚಿತು ಎನ್ನುವುದು ಹೇಗೆ?

ಇದಕ್ಕೊಂದು ಆಕ್ಷೇಪ ಏಳಬಹುದು. ನಿಜವಾದ ವಯಸ್ಸು ಮುಖ್ಯವಲ್ಲ. ಮೂವತ್ತು ದಾಟಿದ ನಟಿಯನ್ನು ಉದ್ಯಮ ಮುದುಕಿಯೆಂದೇ ಎಣಿಸುತ್ತಿತ್ತು, ಆದ್ದರಿಂದ ಕಾರಣ ವಯಸ್ಸೇ ಎಂದು ಹೇಳಬಹುದು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ 1973ರ ‘ಗೌರವಂ’ ಚಿತ್ರವನ್ನು ನೋಡಬೇಕು. ಅದರಲ್ಲಿ ಶಿವಾಜಿ ಗಣೇಶನ್ ಅವರದು ದ್ವಿಪಾತ್ರ: ಹಿರಿಯ ಬ್ಯಾರಿಸ್ಟರ್ ಒಬ್ಬ, ಅವನು ಸಾಕಿ ಬೆಳೆಸಿದ ತಮ್ಮನ ಮಗ ಇನ್ನೊಬ್ಬ. ಪಂಢರಿಬಾಯಿ ಬ್ಯಾರಿಸ್ಟರನ ಹೆಂಡತಿ. ಎಂದರೆ ಒಂದೇ ಚಿತ್ರದಲ್ಲಿ, ಒಬ್ಬನೇ ನಟನಿಗೆ, ಅವರು ಹೆಂಡತಿಯೂ ಹೌದು, ಸಾಕುತಾಯಿಯೂ ಹೌದು. ಗಂಡ ಮತ್ತು ಮಗ ವಾದಕ್ಕೆ ನಿಂತಾಗ ನಡುವೆ ನಲುಗುವ ಆ ಹೆಂಗಸಿನ ಮೌನದ ಮೇಲೆ ಚಿತ್ರದ ಮನೆಯೊಳಗಿನ ದೃಶ್ಯಗಳು ನಿಂತಿವೆ. ಇಲ್ಲಿ ವಯಸ್ಸನ್ನು ವೇಷ ಮತ್ತು ಅಭಿನಯ ಕಟ್ಟಿಕೊಟ್ಟಿವೆ. ನಟನಿಗೆ ಹೇಗೋ ನಟಿಗೂ ಹಾಗೆಯೇ.

ರಾಜಮ್ಮನವರ ನಿದರ್ಶನ ಇನ್ನೂ ಸ್ಪಷ್ಟ. 1958ರ ‘ಸ್ಕೂಲ್ ಮಾಸ್ಟರ್’ನಲ್ಲಿ ಅವರು ನಿವೃತ್ತ ಮೇಷ್ಟರ ಹೆಂಡತಿ. ಗಂಡನೊಂದು ಕಡೆ, ಹೆಂಡತಿಯೊಂದು ಕಡೆ ಎಂದು ಮಕ್ಕಳು ಹಂಚಿಕೊಳ್ಳುವ ಆ ಮುದಿ ದಂಪತಿಯೇ ಕಥೆಯ ಕೇಂದ್ರ. ಆಗ ಅವರಿಗೆ ನಲವತ್ತು ದಾಟಿರಲಿಲ್ಲ. ಮೇಷ್ಟರಾಗಿ ನಟಿಸಿ ಚಿತ್ರವನ್ನು ನಿರ್ದೇಶಿಸಿದ ಬಿ.ಆರ್. ಪಂತುಲು ‘ಸಂಸಾರ ನೌಕ’ದಿಂದಲೂ ಅವರ ಸಹಕಲಾವಿದರು. 1964ರಲ್ಲಿ ಅದೇ ಪಂತುಲು ತಮ್ಮ ‘ಕರ್ಣನ್’ ಚಿತ್ರದ ಕುಂತಿಯ ಪಾತ್ರವನ್ನೂ ರಾಜಮ್ಮನವರಿಗೇ ಕೊಟ್ಟರು. ಪಾತ್ರಹಂಚಿಕೆಯಲ್ಲಿ ಕೆಲಸ ಮಾಡಿದ್ದು ಪಳಗಿದ ಕೈಯ ಮೇಲಿನ ಭರವಸೆ ಎಂದು ಇದರಿಂದ ಊಹಿಸಬಹುದು.

ಹಾಗಾದರೆ ತಾಯಿ ಪಾತ್ರವನ್ನು ಇಳಿಗಾಲದ ಆಶ್ರಯ ಎನ್ನುವುದಕ್ಕಿಂತ ಪರಿಣತಿಯ ಪ್ರತ್ಯೇಕ ಕ್ಷೇತ್ರ ಎನ್ನುವುದೇ ಸರಿಯೆಂದು ತೋರುತ್ತದೆ. 1986ರ ‘ಅನುರಾಗ ಅರಳಿತು’ ಚಿತ್ರದಲ್ಲಿ ಹಾಸಿಗೆ ಹಿಡಿದ ತಾಯಿ ಪಂಢರಿಬಾಯಿ. ಆರೈಕೆ ಮಾಡುವ ಮಗ ‘ಬೇಡರ ಕಣ್ಣಪ್ಪ’ದ ಅವರ ನಾಯಕ ರಾಜ್‌ಕುಮಾರ್. 1992ರಲ್ಲಿ ಅದೇ ಕಥೆ ತಮಿಳಿನಲ್ಲಿ ‘ಮನ್ನನ್’ ಆದಾಗ ರಜನಿಕಾಂತ್ ಅವರ ತಾಯಿಯೂ ಪಂಢರಿಬಾಯಿಯೇ. ನಾಯಕ ಬದಲಾದರೂ ತಾಯಿ ಬದಲಾಗಲಿಲ್ಲ.

ಆದರೆ ಈ ಮಾತಿಗೆ ಮೂರು ಮಿತಿಗಳನ್ನು ಹಾಕಲೇಬೇಕು. ಮೊದಲನೆಯದಾಗಿ, ಇದನ್ನು ಸ್ವಂತ ಇಚ್ಛೆಯ ಆಯ್ಕೆ ಎನ್ನಲಾಗದು. 1986ರಲ್ಲಿ ಐವತ್ತೇಳರ ರಾಜ್‌ಕುಮಾರ್ ಎದುರಿಗೆ ನಾಯಕಿಯಾದವರು ಮಾಧವಿ. ಅದೇ ತಲೆಮಾರಿನ ಪಂಢರಿಬಾಯಿಗೆ ಆ ಬಾಗಿಲು ಎಂದೋ ಮುಚ್ಚಿತ್ತು. ಎರಡನೆಯದಾಗಿ, ಈ ದಾರಿ ಎಲ್ಲರದೂ ಆಗಿರಲಿಲ್ಲ. ‘ಶರಪಂಜರ’ದ ಕಲ್ಪನಾ 1970ರ ದಶಕದ ಕೊನೆಯಲ್ಲಿ ವೃತ್ತಿ ನಾಟಕಗಳತ್ತ ಹೊರಳಿದರು. ‘ಗೆಜ್ಜೆ ಪೂಜೆ’ಯ ಆರತಿ ನಟನೆಯಿಂದ ದೂರ ಸರಿದು, 2005ರಲ್ಲಿ ‘ಮಿಠಾಯಿ ಮನೆ’ಯ ನಿರ್ದೇಶಕಿಯಾಗಿ ಮರಳಿದರು. ಮೂರನೆಯದಾಗಿ, ಪಾತ್ರದ ಮಹತ್ವ ಸಂಭಾವನೆಯ ಮಹತ್ವವೂ ಆಗಿತ್ತೇ ಎಂಬುದನ್ನು ಚಿತ್ರಗಳಷ್ಟೇ ಹೇಳಲಾರವು.

ಕೊನೆಯ ಪ್ರಶ್ನೆ ತೆರೆದೇ ಇದೆ. ಅದಕ್ಕೆ ಉತ್ತರ ಸಿಗಬೇಕಾದದ್ದು ಕರಾರುಪತ್ರಗಳಲ್ಲಿ, ನಿರ್ಮಾಣ ಸಂಸ್ಥೆಗಳ ಲೆಕ್ಕಪುಸ್ತಕಗಳಲ್ಲಿ. ಅಂಥ ಕಾಗದಗಳು ಯಾರ ಬಳಿ ಉಳಿದಿದ್ದರೂ ಅವು ರದ್ದಿಗೆ ಹೋಗದಂತೆ ಕಾಯಬೇಕು, ಸಂಶೋಧಕರ ಕೈಗೆ ಸಿಗುವಂತಾಗಬೇಕು. ಅಲ್ಲಿಯವರೆಗೆ ಈ ಕಲಾವಿದೆಯರ ಬಗ್ಗೆ ಬರೆಯುವವರು ‘ಇಳಿದರು’ ಎಂಬ ತೀರ್ಪನ್ನು ತಡೆಹಿಡಿದು, ನಾಯಕಿಯ ಪಾತ್ರಗಳನ್ನು ನೋಡುವಷ್ಟೇ ಶ್ರದ್ಧೆಯಿಂದ ಅವರ ತಾಯಿ ಪಾತ್ರಗಳನ್ನೂ ನೋಡಬೇಕು.